ಏಕಾದಶಿಯ ಕೆಂಪು ಬೊಟ್ಟು

ಬಸವನಗುಡಿಯ ಫೋಟೋ ಪ್ರದರ್ಶನದ ಸಭಾಂಗಣದಲ್ಲಿ ರವಿಕುಮಾರ ನಿಂತಲ್ಲಿ ನಿಲ್ಲಲಿಲ್ಲ. ಬಾಗಿಲವರೆಗೆ ಹೋಗಿ ಬಂದ, ಕ್ಯಾಮೆರಾ ಬ್ಯಾಗಿನ ಜಿಪ್ಪು ನಾಲ್ಕು ಸಲ ಎಳೆದ, ಮತ್ತೆ ತನ್ನ ಚಿತ್ರದ ಮುಂದೆಯೇ ಬಂದ. ಅದರ ಕೆಳಗೆ ‘ಪ್ರಥಮ ಬಹುಮಾನ’ ಎಂಬ ಚೀಟಿ. ಹನ್ನೊಂದು ವರ್ಷ ಹವ್ಯಾಸಿಗಳ ಈ ಸ್ಪರ್ಧೆಗೆ ಫೋಟೋ ಕಳಿಸಿ ಸಮಾಧಾನಕರ ಬಹುಮಾನವನ್ನೂ ಕಾಣದ ಗುಮಾಸ್ತನಿಗೆ 2006ರಲ್ಲಿ ಅದೃಷ್ಟ ಕಣ್ಣು ಬಿಟ್ಟಿತ್ತು. ಖುಷಿಪಡುವುದು ಬಿಟ್ಟು ಪುಣ್ಯಾತ್ಮ ಬೆವರುತ್ತಿದ್ದ.

ಚಿತ್ರ ಅವನ ಹೈಸ್ಕೂಲಿನ ಮೇಷ್ಟ್ರು ಶ್ರೀನಿವಾಸಯ್ಯನವರದು, ಹನುಮಂತನಗರದ ಮನೆಯ ಜಗಲಿಯಲ್ಲಿ ಪಾರಾಯಣಕ್ಕೆ ಕೂತಿದ್ದಾಗ ತೆಗೆದದ್ದು. “ಇವತ್ತು ಏಕಾದಶಿ ಕಣೋ, ನಂಗೆ ನೀರೂ ಇಲ್ಲ, ನಿಂಗೆ ಬರೀ ಕಾಫಿ,” ಎಂದಿದ್ದರು. ದೂರದಿಂದ ಹಿಡಿಯುವ ಉದ್ದದ ಲೆನ್ಸು ಬಿಟ್ಟು ಅವನು ಐವತ್ತು ಎಂಎಂನ ಪುಟ್ಟ ಲೆನ್ಸು ಹಾಕಿದ್ದ. ಅದರಲ್ಲಿ ಮುಖ ತುಂಬಬೇಕಾದರೆ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂರಬೇಕು. ಅಷ್ಟು ಹತ್ತಿರ ಕೂತವನು ಒಂದು ಮಾತು ಕೇಳಬಹುದಿತ್ತು, ಕೇಳಲಿಲ್ಲ.

ಮೇಷ್ಟ್ರ ಹಣೆಯಲ್ಲಿ ಅಂಗಾರದ ಕಪ್ಪು ಗೆರೆ ಮಾತ್ರ ಇತ್ತು. ಯಾವಾಗಲೂ ಕಾಣುತ್ತಿದ್ದ ಅಕ್ಷತೆಯ ಕೆಂಪು ಬೊಟ್ಟು ಇರಲಿಲ್ಲ. ಬೆವರಿಗೆ ಅಳಿಸಿರಬೇಕು ಎಂದುಕೊಂಡ ನಮ್ಮ ಜಾಣ, ಕಂಪ್ಯೂಟರಿನಲ್ಲಿ ಚಿತ್ರವನ್ನೆಲ್ಲ ಕಪ್ಪುಬಿಳುಪು ಮಾಡಿ, ಮೌಸ್ ಹಿಡಿದು ಬೊಟ್ಟನ್ನು ತಾನೇ ಇಟ್ಟ. ಇಡೀ ಚಿತ್ರಕ್ಕೆ ಅದೊಂದೇ ಕೆಂಪು. ‘ಏಕಾದಶಿಯ ಪಾರಾಯಣ’ ಎಂದು ಹೆಸರೂ ಕೊಟ್ಟ. ಬೆಳಕು, ಬಣ್ಣ ತಿದ್ದಬಹುದು, ಇಲ್ಲದ್ದನ್ನು ಸೇರಿಸುವಂತಿಲ್ಲ ಎಂಬುದು ಸ್ಪರ್ಧೆಯ ನಿಯಮ. ದಿನಾ ಇರುವುದನ್ನೇ ತಾನೇ ಇಟ್ಟದ್ದು ಎಂದು ತನಗೆ ತಾನೇ ಹೇಳಿಕೊಂಡರೂ ಮನಸ್ಸು ಒಪ್ಪಿರಲಿಲ್ಲ. ತೀರ್ಪುಗಾರರೋ, ಆ ಬೊಟ್ಟೇ ಚಿತ್ರದ ಜೀವ ಎಂದು ಬರೆದಿದ್ದರು.

ಮೇಷ್ಟ್ರು ಬಂದರು. ಜೊತೆಗೆ ಅವರ ಮಠದ ಗೆಳೆಯ ವಾದಿರಾಜಾಚಾರ್ಯರು. ಆಚಾರ್ಯರು ಚಿತ್ರ ನೋಡಿದವರೇ ಎಲ್ಲರಿಗೂ ಕೇಳುವಂತೆ ನಕ್ಕರು.

“ಏನ್ರೀ ಶ್ರೀನಿವಾಸಯ್ಯ, ಏಕಾದಶಿ ದಿನ ಅಕ್ಷತೆ ಇಡ್ತಾರೇನ್ರೀ? ಅದು ಊಟ ಮಾಡೋ ದಿನದ್ದು! ನಲವತ್ತು ವರ್ಷದಿಂದ ಉಪವಾಸ ತಪ್ಪಿಲ್ಲ ಅಂತಿದ್ರಿ. ಅವತ್ತು ಗಡದ್ದಾಗಿ ಆಯ್ತಾ?”

ರವಿಕುಮಾರ ಐದನೇ ಸಲ ಜಿಪ್ಪು ಎಳೆದ. ಬಾಯಿ ಬಿಟ್ಟರೆ ಬಹುಮಾನ ಹೋಯಿತು, ಬಿಡದಿದ್ದರೆ ಮೇಷ್ಟ್ರ ಮಾನ ಹೋಯಿತು. ಮೇಷ್ಟ್ರು ಬೊಟ್ಟನ್ನು ನೋಡಿದರು, ಶಿಷ್ಯನನ್ನು ನೋಡಿದರು, ಬಹುಮಾನದ ಚೀಟಿಯನ್ನೂ ನೋಡಿದರು.

“ನಾನೇ ಮರ್ತು ಇಟ್ಕೊಂಡಿರ್ಬೇಕು ಬಿಡಿ,” ಎಂದರು.

ಒಂದೇ ಒಂದು ಸುಳ್ಳಿಗೆ ಅವನನ್ನು ಇಡೀ ಪೀರಿಯಡ್ಡು ಬೆಂಚಿನ ಮೇಲೆ ನಿಲ್ಲಿಸಿದ್ದ ಮನುಷ್ಯ ಅವರು. ಅವರ ಬಾಯಿಂದ ಇದನ್ನು ಕೇಳಿ ಅವನಿಗೆ ತಡೆಯಲಾಗಲಿಲ್ಲ.

“ಇಲ್ಲ ಆಚಾರ್ರೇ! ಅದನ್ನ ಇಟ್ಟೋನು ನಾನು. ಕಂಪ್ಯೂಟರಲ್ಲಿ. ಇವ್ರ ಹಣೇಲಿ ಬೊಟ್ಟೇ ಇರ್ಲಿಲ್ಲ.”

ಕೂಗಿಯೇ ಹೇಳಿದ್ದ. ತೀರ್ಪುಗಾರರೂ ತಿರುಗಿ ನೋಡಿದರು. ಐದು ನಿಮಿಷದಲ್ಲಿ ಚೀಟಿ ಪಕ್ಕದ ಕಡಲೆಕಾಯಿ ರಾಶಿಯ ಚಿತ್ರದ ಕೆಳಗೆ ಹೋಗಿ ಅಂಟಿತು. ಆಚಾರ್ಯರು ನಗು ನುಂಗಿಕೊಂಡು ಬೇರೆ ಚಿತ್ರಗಳ ಕಡೆ ನಡೆದರು.

ತಲೆ ತಗ್ಗಿಸಿ ನಿಂತವನ ಹೆಗಲ ಮೇಲೆ ಮೇಷ್ಟ್ರು ಕೈಯಿಟ್ಟರು.

“ನಾಡಿದ್ದು ದ್ವಾದಶಿ. ಬೆಳಿಗ್ಗೆ ಬೇಗ ಬಂದ್ಬಿಡು, ಬೊಟ್ಟು ಇಟ್ಕೊಂಡೇ ಕೂತಿರ್ತೀನಿ. ಊಟಾನೂ ಅಲ್ಲೇ ಮಾಡು. ಆ ಪುಟ್ಟ ಲೆನ್ಸೇ ತಗೊಂಬಾ, ಹತ್ರ ಕೂತ್ಕೋ. ಗೊತ್ತಾಗ್ದೇ ಇದ್ರೆ ಈ ಸಲ ಕೇಳು.”