ಅರ್ಜೆಂಟ್ ಹಲ್ಲಿನ ಸೆಟ್ಟು

ಹಲ್ಲಿನ ಆಸ್ಪತ್ರೆಗೆ ಬರುವವರೆಲ್ಲ ಅವಳನ್ನು ಬಿಲ್ಲಕ್ಕ ಎಂದೇ ಕರೆಯುತ್ತಿದ್ದರು. ಒಳಗಿನ ಕುರ್ಚಿಯಲ್ಲಿ ಬಾಯಿ ಬಿಡಲು ಹೆದರುವ ಮಂದಿ ಅವಳ ಮೇಜಿನ ಮುಂದೆ ಮಾತ್ರ ಬಾಯಿಗೆ ಬೀಗವೇ ಇಲ್ಲದಂತೆ ಮಾತಾಡುತ್ತಿದ್ದರು. ಬಿಲ್ಲು ಬರೆಯುವುದು, ವಿಮೆ ಕಚೇರಿಗೆ ಕಾಗದ ಕಳಿಸಿ ಒಪ್ಪಿಗೆ ತರಿಸುವುದು ಅವಳ ಕೆಲಸ. ಬಂದವರ ಸುಖದುಃಖ ಕೇಳುವುದು ಸಂಬಳದ ಮೇಲಿನ ಭತ್ಯೆ.

ಆದರೆ ಆವತ್ತು ಟೈಲರಮ್ಮ ಗಂಡನ ಜೊತೆ ಬಾಗಿಲಲ್ಲಿ ಕಂಡಾಗ ಬಿಲ್ಲಕ್ಕನಿಗೆ ಮೇಜಿನ ಕೆಳಗೆ ಅಡಗಿಕೊಳ್ಳೋಣ ಅನ್ನಿಸಿತು. ಅವರ ಅರ್ಜಿ ಬೆಳಿಗ್ಗೆಯಷ್ಟೇ ತಿರಸ್ಕಾರವಾಗಿ ವಾಪಸ್ ಬಂದಿತ್ತು.

ಟೈಲರಮ್ಮನ ಮೇಲಿನ ಸಾಲಿನ ಮುಂದಿನ ನಾಲ್ಕು ಹಲ್ಲು ಅಲ್ಲಾಡುತ್ತಿದ್ದವು. ಕೈಯಲ್ಲಿ ಕತ್ತರಿ ಇದ್ದರೂ ದಾರವನ್ನು ಹಲ್ಲಲ್ಲೇ ಕಡಿದ ಜೀವ ಅದು. ಸಾಲದ್ದಕ್ಕೆ ವಸಡಿನ ಕಾಯಿಲೆ. ಕೀಳುವ ಮೊದಲೇ ಅಚ್ಚು ತೆಗೆದು, ನಾಲ್ಕು ಹಲ್ಲಿನ ಸೆಟ್ಟು ಮಾಡಿಸಿಟ್ಟುಕೊಂಡು, ಕಿತ್ತ ಗಳಿಗೆಯಲ್ಲೇ ಕೂರಿಸಿಬಿಡುವುದೆಂದು ಡಾಕ್ಟ್ರಮ್ಮ ಹೇಳಿದ್ದರು. ಇಂಥದ್ದನ್ನು ಆ ಆಸ್ಪತ್ರೆಯಲ್ಲಿ ಎಲ್ಲರೂ ‘ಅರ್ಜೆಂಟ್ ಸೆಟ್ಟು’ ಎನ್ನುತ್ತಿದ್ದರು. ಬಾಯಿಮಾತಿಗೇನೋ ಸರಿಯೇ. ಬಿಲ್ಲಕ್ಕ ಅರ್ಜಿಯಲ್ಲೂ ಹಾಗೆಯೇ ಬರೆದು ಕಳಿಸಿದ್ದಳು. ವಿಮೆಯವರು ಅರ್ಜೆಂಟ್ ಎಂದರೆ ಅರ್ಜೆಂಟ್ ಎಂದೇ ಓದಿಕೊಂಡು, ಬಾವು ಎಲ್ಲಿ, ಅಪಘಾತ ಎಲ್ಲಿ ಎಂದು ಹುಡುಕಿದರು. ಏನೂ ಸಿಗಲಿಲ್ಲ. ‘ತುರ್ತು ಕಾರಣ ಕಾಣುವುದಿಲ್ಲ. ಹಲ್ಲು ತೆಗೆಸಿ, ವಸಡು ಮಾಗಿದ ಮೇಲೆ ಸೆಟ್ಟಿಗೆ ಅರ್ಜಿ ಹಾಕಿ’ ಎಂದು ಬರೆದಿದ್ದರು.

“ಮಾಗೋದು ಅಂದ್ರೆ ಎಷ್ಟು ದಿನ ಬಿಲ್ಲಕ್ಕ?”

“ದಿನ ಅಲ್ಲ ಟೈಲರಮ್ಮ, ತಿಂಗಳುಗಟ್ಟಲೆ. ತಪ್ಪು ನಂದೇ. ಕೆಲವರು ಅಲ್ಲೀವರೆಗೂ ಕರ್ಚೀಫ್ ಅಡ್ಡ ಇಟ್ಕೊಂಡು ಹೇಗೋ ನಿಭಾಯಿಸ್ತಾರೆ...”

“ಚೆಂದಕ್ಕಲ್ಲ ಕಣಮ್ಮ ನಾನು ಕೇಳ್ತಿರೋದು,” ಎಂದರು ಟೈಲರಮ್ಮ.

ಪಕ್ಕದಲ್ಲಿದ್ದ ಗಂಡ ಅವರ ಮೊಣಕೈ ಮುಟ್ಟಿದರು. “ಏನಂತೆ?”

ಟೈಲರಮ್ಮ ಅಳು ಮುಚ್ಚಿಕೊಳ್ಳಲು ಬಾಯಿಗೆ ಕೈ ಅಡ್ಡ ಇಟ್ಟು ಏನೋ ಹೇಳಿದರು.

“ಕೈ ತೆಗಿಯೇ, ಕೇಳಿಸ್ತಿಲ್ಲ.”

ಬಿಲ್ಲಕ್ಕ ಬೆರಗಾಗಿ ಇಬ್ಬರನ್ನೂ ನೋಡಿದಳು. ಟೈಲರಮ್ಮ ಕೈ ತೆಗೆದರು, ದನಿಯೇ ಇಲ್ಲದೆ ತುಟಿಯಲ್ಲಿ ನಾಲ್ಕು ಮಾತು ಆಡಿದರು. ಗಂಡ ತಲೆದೂಗಿದರು.

“ಮಿಲ್ಲಿನ ಸದ್ದಿಗೆ ಇವರ ಕಿವಿ ಹೋಯ್ತು. ಕಿವಿಗೆ ಹಾಕೋ ಮಷೀನು ಶಿಳ್ಳೆ ಹೊಡೆಯುತ್ತೆ ಅಂತ ಡಬ್ಬೀಲಿ ಮಲಗಿಸಿದಾರೆ. ಈಗ ನನ್ನ ಬಾಯೇ ಇವರ ಕಿವಿ.”

“ಅಯ್ಯೋ, ಇದನ್ನ ಡಾಕ್ಟ್ರಮ್ಮಂಗೆ ಹೇಳಲಿಲ್ವಾ?”

“ಹಲ್ಲಿನ ಡಾಕ್ಟರ ಹತ್ರ ಗಂಡನ ಕಿವಿ ಪುರಾಣ ಯಾಕೆ ಬಿಚ್ಚಲಮ್ಮ?”

ಕೇಸ್ ಶೀಟಿನಲ್ಲಿ ಇಲ್ಲದ ಮಾತನ್ನು ಅರ್ಜಿಯಲ್ಲಿ ಬರೆಯುವಂತಿಲ್ಲ. ಬಿಲ್ಲಕ್ಕ ಇಬ್ಬರನ್ನೂ ಕರೆದುಕೊಂಡು ಸೀದಾ ಒಳಗೆ ನುಗ್ಗಿದಳು. ಡಾಕ್ಟ್ರಮ್ಮ ಎಲ್ಲ ಕೇಳಿ, ವಸಡಿನ ಬಣ್ಣದ ಮೇಣ ಬೆಚ್ಚಗೆ ಮಾಡಿ, ಹಲ್ಲು ಕಿತ್ತ ಬಾಯಿ ಹೇಗಿರುತ್ತೋ ಹಾಗೆ ಆ ನಾಲ್ಕೂ ಕಾಣದಂತೆ ಮೆತ್ತಿದರು.

“ಈಗ ಇವರ ಜೊತೆ ಏನಾದ್ರೂ ಮಾತಾಡಿ.”

“ದಾರ ತಂದ್ರಾ?” ಎಂದರು ಟೈಲರಮ್ಮ.

“ಹಾರಾನಾ? ಈ ವಯಸ್ಸಲ್ಲಿ ನಿಂಗ್ಯಾಕೇ ಹಾರ?”

ಎಲ್ಲರೂ ಗೊಳ್ಳೆಂದು ನಕ್ಕರು. ಟೈಲರಮ್ಮ ಮತ್ತೇನೋ ಹೇಳಿದರು. ಗಂಡ ಮತ್ತೇನೋ ಊಹಿಸಿದರು. ಮೂರನೆಯ ಮಾತಿಗೆ ಅವರ ಮುಖದ ನಗು ಆರಿತು. ಮುಂದಕ್ಕೆ ಬಾಗಿ, ಕಣ್ಣು ಕಿರಿದು ಮಾಡಿ, ಹೆಂಡತಿಯ ಬಾಯನ್ನೇ ತಡಕಾಡುವಂತೆ ನೋಡಿದರು.

“ಗೊತ್ತಾಗ್ತಿಲ್ಲ ಕಣೇ,” ಎಂದರು ಮೆಲ್ಲಗೆ. “ತೆಗೀರಿ ಡಾಕ್ಟ್ರೇ ಅದನ್ನ.”

ಮೇಣ ತೆಗೆದ ಡಾಕ್ಟ್ರಮ್ಮ ಕಂಡದ್ದನ್ನೆಲ್ಲ ಕೇಸ್ ಶೀಟಿನಲ್ಲಿ ಬರೆದರು. ಬಿಲ್ಲಕ್ಕ ಅವರಿಬ್ಬರ ಜೊತೆ ಹೊರಗೆ ಬಂದು, ಸ್ಪೀಕರ್ ಹಾಕಿ ವಿಮೆ ಕಚೇರಿಗೆ ಫೋನ್ ಹಚ್ಚಿದಳು. ಎತ್ತಿದ್ದು ಅರ್ಜಿ ವಾಪಸ್ ಕಳಿಸಿದ ಅಧಿಕಾರಿಣಿಯೇ.

“ಅರ್ಜೆಂಟ್ ಅನ್ನೋದು ನಮ್ಮ ಆಸ್ಪತ್ರೆ ಭಾಷೆ ಮೇಡಂ. ಅವಸರ ಅಂತಲ್ಲ, ಕಿತ್ತ ದಿನವೇ ಕೂರಿಸೋದು ಅಂತ,” ಎಂದು ಶುರುಮಾಡಿ ಕಿವಿಯ ಕಥೆಯನ್ನೂ ಮೇಣದ ಕಥೆಯನ್ನೂ ಒಂದೇ ಉಸಿರಿಗೆ ಒಪ್ಪಿಸಿದಳು.

“ಅರ್ಥ ಆಯ್ತಮ್ಮ. ಆದ್ರೆ ವಸಡು ಕುಗ್ಗಿದ ಮೇಲೆ ಸೆಟ್ಟು ಸಡಿಲ ಆಗುತ್ತಲ್ಲ? ಆಗ ಇನ್ನೊಂದು ಸೆಟ್ಟು ಕೇಳಿದ್ರೆ ನಮ್ಮಲ್ಲಿ ಕೊಡೋ ಹಾಗಿಲ್ಲ. ಆಮೇಲೆ ಅವರಿಗೇ ಕಷ್ಟ.”

ಟೈಲರಮ್ಮ ಫೋನಿನ ಮೇಲೇ ಬಗ್ಗಿದರು. “ಮೈ ಇಳಿದ್ರೆ ಯಾರಾದ್ರೂ ಕೋಟು ಬಿಸಾಕ್ತಾರೇನಮ್ಮ? ಒಳಗಡೆ ಒಂದು ಲೈನಿಂಗ್ ಕೊಟ್ರೆ ಆಯ್ತು!”

ಆ ಕಡೆಯ ದನಿ ಕೇಳಿತು: “ಯಾರದು?”

“ಹಲ್ಲಿನ ಯಜಮಾನಿ, ಮೇಡಂ.”

ಅಧಿಕಾರಿಣಿ ನಕ್ಕುಬಿಟ್ಟರು. “ಸಡಿಲ ಆದ ಸೆಟ್ಟಿಗೆ ಒಳಪದರ ಕೊಡೋದಕ್ಕೆ ನಾವೂ ಲೈನಿಂಗ್ ಅಂತಲೇ ಅನ್ನೋದು, ಅಜ್ಜಿ. ಅದಕ್ಕೆ ಬೇರೆ ಒಪ್ಪಿಗೆ ಸಿಗುತ್ತೆ. ಈ ಸೆಟ್ಟಿಗೇ ಮುಂದೆ ಲೈನಿಂಗ್ ಕೊಡ್ತೀವಿ, ಇನ್ನೊಂದು ಮಾಡಲ್ಲ ಅಂತ ಡಾಕ್ಟರ ಕೈಲಿ ಬರೆಸಿ. ಇವತ್ತು ಪರೀಕ್ಷೆ ಮಾಡಿದ್ದು, ಎಕ್ಸ್-ರೇ ಎಲ್ಲ ಸೇರಿಸಿ ಕಳಿಸಿ. ಬಿಲ್ಲಕ್ಕ, ಆ ಅರ್ಜೆಂಟ್ ಪದ ಮಾತ್ರ ಬೇಡ.”

“ಇನ್ನು ನನಗೆ ಆಂಬುಲೆನ್ಸ್ ಬಂದ್ರೂ ಅರ್ಜೆಂಟ್ ಅನ್ನಲ್ಲ ಮೇಡಂ!”

ಒಪ್ಪಿಗೆ ಬಂತು. ಹಲ್ಲು ಕೀಳುವ ದಿನ ಗಂಡ ಹೊರಗಿನ ಬೆಂಚಿನ ತುದಿಯಲ್ಲಿ ಕೂತರು. ಬಿಲ್ಲಕ್ಕ ನೀರು ಕೊಟ್ಟರೂ ಕುಡಿಯದೆ ಲೋಟ ಹಿಡಿದೇ ಇದ್ದರು. ಒಳಗಿನ ಬಾಗಿಲು ತೆರೆದಾಗ ಲೋಟ ಬೆಂಚಿನ ಮೇಲಿಟ್ಟು ಎದ್ದು ನಿಂತರು.

ಟೈಲರಮ್ಮ ಡಾಕ್ಟ್ರಮ್ಮನ ಕೈ ಹಿಡಿದು ಬಂದರು. ಮೇಲ್ದುಟಿ ಮರಗಟ್ಟಿ ದಪ್ಪಗಾಗಿತ್ತು. ಅದರ ಕೆಳಗೆ ನಾಲ್ಕು ಹೊಸ ಹಲ್ಲು ಅಚ್ಚುಕಟ್ಟಾಗಿ ಕೂತಿದ್ದವು. ಬಂದವರೇ ಏನೋ ಹೇಳಿದರು. ಬಾಯ್ತುಂಬ ಗುಂಡುಪಿನ್ನು ಕಚ್ಚಿಕೊಂಡು ಮಾತಾಡಿದ ಹಾಗಿತ್ತು.

“ಏನಂದ್ರಿ?” ಎಂದಳು ಬಿಲ್ಲಕ್ಕ.

“ನೋವಾ?” ಎಂದರು ಡಾಕ್ಟ್ರಮ್ಮ. “ತಲೆ ಸುತ್ತುತ್ತಾ?”

ಟೈಲರಮ್ಮ ಅದನ್ನೇ ಮತ್ತೆ ಹೇಳಿದರು. ಕೇಳುವ ಕಿವಿಯಿದ್ದ ಇಬ್ಬರಿಗೂ ಒಂದಕ್ಷರ ತಿಳಿಯಲಿಲ್ಲ.

“ನೋವಲ್ಲ ಡಾಕ್ಟ್ರೇ,” ಎಂದರು ಗಂಡ, ಕಣ್ಣು ಕದಲಿಸದೆ. “ಅಂಗಡೀಲಿ ಇಸ್ತ್ರಿಪೆಟ್ಟಿಗೆ ಆರಿಸಿ ಬಂದ್ರಾ ಅಂತಿದಾಳೆ. ಆರಿಸಿದೀನಿ ಕಣೇ.”

ಟೈಲರಮ್ಮ ಇನ್ನೊಂದು ಮಾತು ಹೇಳಿದರು.

“ಆರಿಸಿದೀನಿ ಅಂದ್ನಲ್ಲ!” ಎಂದ ಗಂಡ ಅರೆಗಳಿಗೆ ಯೋಚಿಸಿ, ಹೆಂಡತಿಯ ಚೀಲ ಹೆಗಲಿಗೆ ಹಾಕಿಕೊಂಡರು. “ನಡಿ ನಡಿ, ಯಾವುದಕ್ಕೂ ನೋಡೇಬಿಡೋಣ.”