ಎಡೆಯಲ್ಲಿ ಅಣ್ಣೆಸೊಪ್ಪು

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಅಕ್ಕಿಹೆಬ್ಬಾಳಿನ ಲೋಕೇಶನ ಮನೆಯಲ್ಲಿ ನೆಂಟರ ಎದುರಿಗೆ ಅದು ಊಟವೂ ಅಲ್ಲ. ಹೊಲದಲ್ಲಿ ತಾನಾಗಿ ಹುಟ್ಟುವ ಅಣ್ಣೆಸೊಪ್ಪನ್ನು ಮನೆಮಂದಿಯೆಲ್ಲ ಬಾಯಿ ಚಪ್ಪರಿಸಿ ತಿನ್ನುತ್ತಿದ್ದರು. ಹೊಸಿಲಾಚೆ ಯಾರದಾದರೂ ಚಪ್ಪಲಿ ಸದ್ದಾದರೆ ಸಾಕು, ಬೀನ್ಸು, ಕೋಸಿನ ಮಾತು ಶುರು. ಕಾಸು ಕೊಟ್ಟು ತಂದದ್ದೇ ತರಕಾರಿ, ಬಗ್ಗಿ ಕಿತ್ತು ತಂದದ್ದು ಬಡತನ ಅನ್ನುವ ಲೆಕ್ಕ ಅವರದು.

ಲೋಕೇಶನ ಹೆಂಡತಿ ಅಂಬಿಕಳಿಗೆ ಈ ಸಲದ ಪಿತೃಪಕ್ಷದಲ್ಲಿ ಅದೇ ತಲೆನೋವಾಯಿತು. ಅತ್ತೆ ಮಾಯಮ್ಮ ತೀರಿಕೊಂಡ ಮೇಲಿನ ಮೊದಲ ಎಡೆ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆಲೆಗೆ ಬಡಿಸಿ, ಅವರು ಬಂದು ಉಣ್ಣಲೆಂದು ಕೋಣೆಯ ಬಾಗಿಲು ಮುಚ್ಚುವುದು ವಾಡಿಕೆ. ಅತ್ತೆ ಹಾಸಿಗೆ ಹಿಡಿದಾಗ ಕೇಳಿದ್ದು ಒಂದೇ, ಅಣ್ಣೆಸೊಪ್ಪಿನ ಉಪ್ಸಾರು. ನೋಡಲು ಬಂದವರು ಏನಂದುಕೊಂಡಾರು ಅಂತ ಲೋಕೇಶ ಸೇಬು ತಂದು ತಲೆದೆಸೆಯಲ್ಲಿ ಜೋಡಿಸಿದ್ದ. ಮುದುಕಿ ಕೇಳಿ ಕೇಳಿಯೇ ಹೋಗಿಬಿಟ್ಟಳು. ಈಗಲಾದರೂ ಕೊಡದಿದ್ದರೆ ತನ್ನ ಗಂಟಲಲ್ಲಿ ಅನ್ನ ಇಳಿಯದು ಅನಿಸಿತ್ತು ಅಂಬಿಕಳಿಗೆ.

ಲೋಕೇಶ ಒಪ್ಪಲಿಲ್ಲ. ಎಡೆಗೆ ಮಟನ್ನು, ವಡೆ, ಪಾಯಸ ಇಡುವ ಊರಲ್ಲಿ ಸೊಪ್ಪಿಟ್ಟು ಮಾನ ಕಳೆಯಬೇಡ ಅಂದ. ಅಂಬಿಕ ಹೂಂ ಅಂದು, ಬೆಳಿಗ್ಗೆ ಹೊಲಕ್ಕೆ ಹೋಗಿ ಮಡಿಲು ತುಂಬ ಸೊಪ್ಪು ಕಿತ್ತು ತಂದಳು. ಗಂಡನಿಗೆ ಎದುರಾಡದೆ ತನಗೆ ಬೇಕಾದ್ದು ಮಾಡುವುದನ್ನು ಅವಳು ಅತ್ತೆಯಿಂದಲೇ ಕಲಿತಿದ್ದಳು.

ಸಂಜೆ ನೆಂಟರೆಲ್ಲ ನೆರೆದರು. ಪಾಂಡವಪುರದಿಂದ ಬಂದಿದ್ದ ಮಾಯಮ್ಮನ ಮಗಳು ಲತ, ಎಲೆಯ ತುದಿಯಲ್ಲಿದ್ದ ಸೊಪ್ಪಿನ ಬಟ್ಟಲು ಕಂಡು ಕೆಂಡವಾದಳು. ಅವಳ ಸಿಟ್ಟೂ ಸುಳ್ಳಲ್ಲ. ಬಾಡಿನ ತುಂಡೆಲ್ಲ ಮಕ್ಕಳ ತಟ್ಟೆಗೆ ಹಾಕಿ, ತಾಯಿ ಸೊಪ್ಪಿನ ಗಡಿಗೆ ಬಳಿದುಕೊಳ್ಳುವುದನ್ನು ನೋಡುತ್ತಲೇ ಬೆಳೆದವಳು.

“ಬದುಕಿದ್ದಾಗ್ಲೂ ಸೊಪ್ಪು, ಸತ್ಮೇಲೂ ಸೊಪ್ಪೇನಾ ನಮ್ಮವ್ವಂಗೆ?” ಅಂದಳು.

ಅಂಬಿಕಳ ಕಣ್ಣು ತುಂಬಿತು. “ಕೊನೆಗೆ ಕೇಳಿದ್ದು ಇದೊಂದ್ನೇ ಕಣ್ ಲತ. ನೆಂಟ್ರು ಆಡ್ಕೋತಾರೆ ಅಂತ ನಾವು ಕೊಡ್ನಿಲ್ಲ.”

ಲೋಕೇಶ ನೆಲ ನೋಡಿದ. ನೆಂಟರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಲತ ಬಗ್ಗಿ ಮಟನ್ನನ್ನು ಪಕ್ಕಕ್ಕೆ ಸರಿಸಿ, ಬಟ್ಟಲನ್ನು ಎಲೆಯ ನಡುವೆ ಇಟ್ಟಳು. ಎಲ್ಲರನ್ನೂ ಹೊರಗೆ ಕಳಿಸಿ, ತಾನೂ ಬಂದು ಬಾಗಿಲು ಎಳೆದುಕೊಂಡಳು.

ಜಗಲಿಯಲ್ಲಿ ಯಾರೋ ಮತ್ತೆ ಸೊಪ್ಪಿನ ಮಾತೆತ್ತಿದರು.

“ಸುಮ್ಕಿರಿ,” ಅಂದಳು ಲತ. “ಅವ್ವ ಉಣ್ತಾವ್ಳೆ.”