ದೆಲ್ಫೀನಾಳ ಕಿಟಕಿಯ ಬುಟ್ಟಿ

ಅಮಿಲ್ಕಾರ್ ಏಣಿಯ ತುದಿಯಲ್ಲಿ ನಿಂತು ಬಣ್ಣದ ಕಾಗದದ ತೋರಣ ಬಿಚ್ಚುತ್ತಿದ್ದಾಗ, ಅಬೀಲಿಯೊ ಕರಿ ಸೂಟು ತೊಟ್ಟು ಬಾಗಿಲು ದಾಟಿ ಹೊರಗೆ ಬಂದ. ಅಮಿಲ್ಕಾರ್ ಕಳ್ಳತನದಲ್ಲಿ ಸಿಕ್ಕಿಬಿದ್ದವನ ಹಾಗೆ ತೋರಣವನ್ನು ಬೆನ್ನ ಹಿಂದೆ ಬಚ್ಚಿಡಲು ಹೋದ. ಏಣಿ ಅಲುಗಾಡಿತು. ಅವನು ಗಬಕ್ಕನೆ ಗೋಡೆ ಹಿಡಿದುಕೊಂಡ.

"ಇನ್ನೆರಡೇ ಗಂಟು ಯಜಮಾನ್ರೇ. ನೀವು ಮಣ್ಣು ಮುಗಿಸಿ ಬರೋ ಹೊತ್ತಿಗೆ ಓಣಿ ಖಾಲಿ ಇರತ್ತೆ," ಎಂದ.

ಅಬೀಲಿಯೊ ತಲೆಯಾಡಿಸಿದ. ಲಿಸ್ಬನ್ನಿನ ಹಳೇ ಕೇರಿ ಆಲ್ಫಾಮಾದ ಆ ಮೆಟ್ಟಿಲ ಓಣಿಯ ಕಟ್ಟಳೆ ಅದು. ಸಾವಾದ ಮನೆಯವರು ಬಾಯಿಬಿಟ್ಟು ಹೇಳುವ ತನಕ ಓಣಿಗೆ ಹಬ್ಬವಿಲ್ಲ. ಹೇಳಿ ಎಂದು ಅವರನ್ನು ಯಾರೂ ಕೇಳುವಂತೆಯೂ ಇಲ್ಲ. ದೆಲ್ಫೀನಾ ತೀರಿಕೊಂಡದ್ದು ಮೊನ್ನೆ. ಇವತ್ತು ರಾತ್ರಿಯೇ ಸಂತ ಅಂತೋಣಿಯ ಹಬ್ಬ, ಇಡೀ ಲಿಸ್ಬನ್ನು ಬೀದಿಗಿಳಿದು ಬೂತಾಯಿ ಮೀನು ಸುಟ್ಟು ತಿಂದು ಕುಣಿಯುವ ರಾತ್ರಿ. ಈ ಓಣಿಯಲ್ಲಿ ವರ್ಷವರ್ಷವೂ ಮೊದಲ ಕೆಂಡ ಮಾಡುತ್ತಿದ್ದವಳು ದೆಲ್ಫೀನಾ. ಅವಳ ಗಂಡ ಅಬೀಲಿಯೊನೋ, ಹಬ್ಬ ಬಂತೆಂದರೆ ಊರು ಬಿಡುವ ಆಸಾಮಿ. ಹೊಗೆ ಆಗದು, ಗದ್ದಲ ಆಗದು ಎಂದು ಸಂಜೆಯ ಲಾಂಚು ಹತ್ತಿ ಹೊಳೆಯಾಚೆ ಅಣ್ಣನ ಮನೆ ಸೇರುತ್ತಿದ್ದ. ಅಂಥವನ ಬಾಯಿಂದ ಆ ಮಾತು ಬಂದೀತು ಎಂಬ ಆಸೆ ಯಾರಿಗೂ ಇರಲಿಲ್ಲ.

ಚರ್ಚಿನಲ್ಲಿ ಹೆಂಗಸರು ಒಬ್ಬೊಬ್ಬರಾಗಿ ಬಂದು ಅವನ ಕೈ ಹಿಡಿದು ಅತ್ತರು. ಅವರ ದುಃಖ ನಿಜವಾದದ್ದೇ. ಮನೆಯಲ್ಲಿ ಐಸಿನ ಮೇಲೆ ಮಲಗಿದ್ದ ಮೀನಿನ ಚಿಂತೆಯೂ ಅಷ್ಟೇ ನಿಜ. ಪೂಜೆಯ ನಡುವೆ ಹಿಂದಿನ ಬೆಂಚಿನಿಂದ ಅಮಿಲ್ಕಾರನ ಪಿಸುಮಾತು ಕೇಳಿಸಿತು.

"ಅಷ್ಟು ಬೂತಾಯಿ ಏನ್ಮಾಡ್ತೀರಾ ಗ್ರಾಸಿಂದಮ್ಮಾ? ಪಕ್ಕದ ಓಣಿಯೋರಿಗೆ ಕೊಟ್ಬಿಡಿ."

"ಅವರಿಗಾ? ದೆಲ್ಫೀನಾ ಪೆಟ್ಟಿಗೆಯಿಂದ ಎದ್ದು ಬಂದು ನನ್ನ ಜುಟ್ಟು ಹಿಡೀತಾಳೆ. ಬಾಯ್ಮುಚ್ಕೊಂಡು ಪೂಜೆ ಕೇಳು."

ಗ್ರಾಸಿಂದಾ ಎದುರುಮನೆಯವಳು. ದೆಲ್ಫೀನಾಳ ಪಕ್ಕದಲ್ಲೇ ಒಲೆ ಹೂಡಿ ಜೀವಮಾನವಿಡೀ ಅವಳೊಡನೆ ಜಗಳವಾಡಿದವಳು. ಅಬೀಲಿಯೊಗೆ ನಗು ಬಂತು. ಅದರ ಬೆನ್ನಿಗೇ ಕಣ್ಣು ತುಂಬಿತು.

*

ಒಂದು ವರ್ಷ ಲಾಂಚಿನವರು ಮುಷ್ಕರ ಹೂಡಿದ್ದರು. ಹೊಳೆ ದಾಟುವ ದಾರಿ ಕಾಣದೆ ಅಬೀಲಿಯೊ ಮನೆಯಲ್ಲೇ ಉಳಿದ. ದೀಪ ಆರಿಸಿ, ಮೂರನೇ ಅಂತಸ್ತಿನ ಕಿಟಕಿಯ ಮರೆಯಲ್ಲಿ ಕುಳಿತು ಕೆಳಗೆ ನೋಡಿದ.

ಅರ್ಧಕ್ಕೆ ಕೊಯ್ದು ಕೆಂಡ ತುಂಬಿದ ಕಬ್ಬಿಣದ ಡ್ರಮ್ಮಿನ ಮುಂದೆ ಅವಳು ನಿಂತಿದ್ದಳು. ಮನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಬೆನ್ನು ಬಾಗಿಸಿ ಕೂತು, ಊರವರ ಪ್ಯಾಂಟು ಗಿಡ್ಡ ಮಾಡುತ್ತಿದ್ದ ಹೆಂಗಸೇ ಇವಳು? ಸೊಂಟಕ್ಕೆ ಕೈಕೊಟ್ಟು ಮೀನು ಮಗುಚುತ್ತ, ಬಂದವರನ್ನೆಲ್ಲ ಗೇಲಿ ಮಾಡುತ್ತ, ಹಾಡು ಬಂದಾಗ ಇಕ್ಕಳ ಹಿಡಿದೇ ಕುಣಿಯುತ್ತಿದ್ದಳು. ಅಬೀಲಿಯೊಗೆ ಮದುವೆಯಾಗಿ ಅಷ್ಟು ವರ್ಷದ ಮೇಲೆ ಅವಳನ್ನು ಹೊಸದಾಗಿ ಕಂಡ ಹಾಗಾಯಿತು. ಇಳಿದು ಹೋಗಲು ನಾಚಿಕೆ. ತನಗೆ ಕುಣಿಯಲು ಬಾರದು ಎಂಬುದೇ ಅವನ ನಿಜವಾದ ಕಾಯಿಲೆ. ಹೊಗೆಯದು ಬರೀ ನೆಪ.

ಅವಳು ತಲೆಯೆತ್ತಿ ಕತ್ತಲ ಕಿಟಕಿಯನ್ನು ನೋಡಿದಳು. ಬ್ರೆಡ್ಡಿನ ಮೇಲೆ ಒಂದು ಬೂತಾಯಿ ಇಟ್ಟಳು. ತರಕಾರಿ ಏರಿಸಲೆಂದು ಕಿಟಕಿಯ ರಾಟೆಯಿಂದ ಇಳಿಬಿಟ್ಟ ಬುಟ್ಟಿಯಲ್ಲಿ ಅದನ್ನು ಹಾಕಿ, ಕೆಳಗಿಂದಲೇ ಹಗ್ಗ ಎಳೆದಳು.

"ಮಹಾರಾಜರು ಇಳಿದು ಬರಲ್ಲ. ಊಟನೇ ಮೇಲಕ್ಕೆ ಹೋಗ್ಲಿ," ಎಂದು ಓಣಿಗೆಲ್ಲ ಕೇಳುವ ಹಾಗೆ ಹೇಳಿದಳು.

ಅವನು ಕತ್ತಲಲ್ಲಿ ಕೂತು ಮುಳ್ಳು ಬಿಡಿಸಿ ತಿಂದ. ಉಪ್ಪು ಜಾಸ್ತಿಯಾಗಿತ್ತು, ರುಚಿಯಾಗಿತ್ತು. ಮುಂದಿನ ವರ್ಷ ಮತ್ತೆ ಲಾಂಚು ಹತ್ತಿದ.

*

ಮಣ್ಣು ಹಾಕಿಯಾಯಿತು. ಎಲ್ಲರೂ ಹೂವಿಟ್ಟರೆ ಗ್ರಾಸಿಂದಾ ಹಬ್ಬಕ್ಕೆಂದು ಮಾರುವ ಕಾಮಕಸ್ತೂರಿಯ ಕುಂಡ ತಂದಿದ್ದಳು, ಕಾಗದದ ಕೆಂಪು ಹೂವು ಸಿಕ್ಕಿಸಿದ್ದು. ಅದನ್ನಿಟ್ಟು ಅಲ್ಲೇ ನಿಂತಳು.

"ಮೀನಿಗೆ ಉಪ್ಪು ಸುರೀತಿದ್ಲು. ಎಷ್ಟು ವರ್ಷ ಹೇಳ್ದೆ, ಕೇಳಿದ್ಲಾ? ಇನ್ಮೇಲೆ ನಾನು ಯಾರಿಗೆ ಹೇಳ್ಲಿ?" ಎಂದು ಶಾಲಿನ ತುದಿಯಲ್ಲಿ ಮೂಗೊರೆಸಿಕೊಂಡಳು.

ಗೇಟಿನ ಹತ್ತಿರ ಅಬೀಲಿಯೊನ ಅಣ್ಣ ಅವನ ಭುಜದ ಮೇಲೆ ಕೈಯಿಟ್ಟ. ಸಂಜೆ ಲಾಂಚಿಗೆ ಹೋಗೋಣ, ನಿನ್ನ ಹಾಸಿಗೆ ಹಾಸಿಯೇ ಇದೆ ಎಂದ.

"ನೋಡೋಣ," ಎಂದ ಅಬೀಲಿಯೊ.

ಅಂದದ್ದೇ ತಡ, ನೆನಪಾಯಿತು. ಏಪ್ರಿಲ್‌ನಲ್ಲಿ, ದೆಲ್ಫೀನಾ ಹಾಸಿಗೆ ಹಿಡಿದ ವಾರ, ಅವಳಿಗೂ ಇದೇ ಮಾತು ಹೇಳಿದ್ದ. "ಈ ಸಲ ಲಾಂಚು ಹತ್ಬೇಡ ಕಣೋ. ನನ್ನ ಕೈಲಿ ಆಗಲ್ಲ, ಡ್ರಮ್ಮು ಎಳೆಯೋಕೆ ಒಂದು ಜನ ಬೇಕು," ಎಂದಿದ್ದಳು. ಒಂದೇ ಒಂದು ಸಲ ಬಾಯಿಬಿಟ್ಟು ಕೇಳಿದ್ದು. ಆಗಲಿ ಎನ್ನಲು ಅವನ ಗಂಟೇನು ಹೋಗುತ್ತಿತ್ತು? ನೋಡೋಣ ಎಂದಿದ್ದ.

ಅಣ್ಣನನ್ನು ಒಬ್ಬನೇ ಕಳಿಸಿ ಅವನು ಮನೆಯ ದಾರಿ ಹಿಡಿದ.

*

ಪಕ್ಕದ ಓಣಿಯಲ್ಲಿ ಆಗಲೇ ಸಂಗೀತ ಶುರುವಾಗಿತ್ತು. ಈ ಓಣಿಯ ಜನ ಮರ್ಯಾದೆಗೆಂದು ಕಿಟಕಿ ಮುಚ್ಚಿ ಕೂತಿದ್ದರು. ಅಬೀಲಿಯೊ ಕೋಟು ಕಳಚಿ ಬಾಗಿಲ ಗೂಟಕ್ಕೆ ಹಾಕಿ, ಮೆಟ್ಟಿಲ ಕೆಳಗಿನ ಗೂಡಿನಿಂದ ಡ್ರಮ್ಮು ಎಳೆದ. ಕಬ್ಬಿಣ ಕಲ್ಲಿಗೆ ಉಜ್ಜಿದ ಸದ್ದು ಓಣಿಯುದ್ದಕ್ಕೂ ಹೋಯಿತು. ಇದ್ದಿಲು ಸುರಿದು, ಅದರ ಮೇಲೆ ಒಂದು ಇಡೀ ಪತ್ರಿಕೆ ತುರುಕಿ ಕಡ್ಡಿ ಗೀರಿದ. ಬೆಂಕಿ ಹತ್ತಲಿಲ್ಲ. ಹೊಗೆ ಮಾತ್ರ ದಟ್ಟವಾಗಿ ಎದ್ದಿತು.

ಗ್ರಾಸಿಂದಾಳ ಕಿಟಕಿ ಮೊದಲು ತೆರೆಯಿತು. ಅವಳು ಚರ್ಚಿನ ಕರಿ ಬಟ್ಟೆಯಲ್ಲೇ ಇಳಿದು ಬಂದಳು. ಪತ್ರಿಕೆ ಎಳೆದು ಬಿಸಾಡಿ, ಚಿಕ್ಕ ಕಟ್ಟಿಗೆ ಸೀಳುಗಳನ್ನು ಕೆಳಗಿಟ್ಟು, ರಟ್ಟು ಬೀಸಿದಳು.

"ಹೊಗೆ ಆಗಲ್ಲ ಅಂತಿದ್ರಲ್ಲ," ಎಂದಳು, ಮುಖ ನೋಡದೆ.

"ನಿಮ್ಮ ಮೀನು ತನ್ನಿ ಗ್ರಾಸಿಂದಾ."

"ಹಾಗಲ್ಲ. ಬಾಯಿಬಿಟ್ಟು ಹೇಳ್ಬೇಕು. ಕಟ್ಟಳೆ ನಿಮಗೂ ಗೊತ್ತು."

ಕಿಟಕಿಗಳಲ್ಲಿ ತಲೆಗಳು ಕಾಣಿಸಿದವು. ಇಷ್ಟು ಜನರ ಮುಂದೆ ಅಬೀಲಿಯೊ ಎಂದೂ ಮಾತಾಡಿದವನಲ್ಲ.

"ದೆಲ್ಫೀನಾ ಮನೇಲಿ ಇವತ್ತು ಹಬ್ಬ," ಎಂದ.

ಏಣಿಯನ್ನು ಇನ್ನೂ ಒಳಗೆ ಇಟ್ಟೇ ಇರದ ಅಮಿಲ್ಕಾರ್ ತೋರಣದ ಸಿಂಬಿ ಹೆಗಲಿಗೇರಿಸಿ ಓಡಿ ಬಂದ. ಐಸಿನ ಪೆಟ್ಟಿಗೆಗಳು ಇಳಿದವು, ಮೇಜುಗಳು ಹೊರಬಂದವು, ವೈನಿನ ಜಾಡಿ ಬಂತು. ಗ್ರಾಸಿಂದಾ ಮೀನಿಗೆ ಲೆಕ್ಕ ಹಿಡಿದು ಉಪ್ಪು ಉದುರಿಸಿದಳು.

"ಇನ್ನಷ್ಟು ಹಾಕಿ," ಎಂದ ಅಬೀಲಿಯೊ.

ಅವಳು ಅವನನ್ನೊಮ್ಮೆ ದುರುಗುಟ್ಟಿ ನೋಡಿ, ಮತ್ತೊಂದು ಹಿಡಿ ಹಾಕಿದಳು.

ಕೆಂಡದಿಂದ ಎದ್ದ ಮೊದಲ ಬೂತಾಯಿಗೆ ಎಷ್ಟೋ ತಟ್ಟೆಗಳು ಚಾಚಿದವು. ಅಬೀಲಿಯೊ ಅದನ್ನು ಬ್ರೆಡ್ಡಿನ ಮೇಲಿಟ್ಟು, ಗೋಡೆಗೆ ತಗುಲಿ ತೂಗುತ್ತಿದ್ದ ಬುಟ್ಟಿಗೆ ಹಾಕಿ ಹಗ್ಗ ಎಳೆದ. ರಾಟೆ ಕಿರುಗುಟ್ಟಿತು. ಬುಟ್ಟಿ ತೂಗಾಡುತ್ತ ಅಮಿಲ್ಕಾರನ ತೋರಣ ದಾಟಿ, ದೀಪದ ಬೆಳಕು ದಾಟಿ, ಮೂರನೇ ಅಂತಸ್ತಿನ ಕತ್ತಲ ಕಿಟಕಿಯ ಮುಂದೆ ಹೋಗಿ ನಿಂತಿತು. ಅವನು ಹಗ್ಗವನ್ನು ಕೊಕ್ಕೆಗೆ ಸುತ್ತಿ, ಇಕ್ಕಳ ತೆಗೆದುಕೊಂಡು, ಉಳಿದ ಮೀನು ಮಗುಚತೊಡಗಿದ.